ಬಂಡೆ ಇರಲಿ, ಬಿದ್ದವರ ಲೆಕ್ಕವೂ ಇರಲಿ

2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿರುವ ಜಾಕ್ಸನ್ ಹೋಲ್ ಎಂಬ ಪರ್ವತಧಾಮಕ್ಕೆ ಹೋಗಿದ್ದೆ. ಸಾಲ್ಟ್ ಲೇಕ್ ಸಿಟಿಯಲ್ಲಿ ನೆಲೆಸಿರುವ ತಂಗಿಯ ಕುಟುಂಬದೊಡನೆ ಸುಮಾರು ಐದು ಗಂಟೆಗಳ ಕಾರಿನ ಪ್ರಯಾಣ. ನೂರು ಜನ ಒಟ್ಟಿಗೆ ನಿಲ್ಲಬಹುದಾದ ಕೇಬಲ್ ಕಾರು ಕಣಿವೆಯ ತಳದಿಂದ 4,139 ಅಡಿ ಮೇಲಕ್ಕೆ, ರೆಂಡೆವೂ ಪರ್ವತದ ನೆತ್ತಿಗೆ, ಹತ್ತು ನಿಮಿಷದೊಳಗೆ ನಮ್ಮನ್ನು ಒಯ್ದು ಇಳಿಸಿತು. ಚಳಿಗಾಲದಲ್ಲಿ ಸ್ಕೀ ಆಟಗಾರರಿಂದ ಕಿಕ್ಕಿರಿಯುವ ಆ ನೆತ್ತಿಯ ಮೇಲೆ ಆಗ ಇದ್ದದ್ದು ಬರಿಯ ಕಲ್ಲು ಮತ್ತು ಗಾಳಿ. ಮೇಲಿನ ಪುಟ್ಟ ಅಂಗಡಿಯಲ್ಲಿ ಬಿಸಿ ವಾಫಲ್ ತಿಂದು ಮುಗಿಸಿದ ಮೇಲೆ ಸೋದರಳಿಯ ನನ್ನನ್ನು ಒಂದು ಅಂಚಿನ ಬಳಿಗೆ ಕರೆದೊಯ್ದು, "ನೋಡಿ ಮಾಮ, ಇದೇ ಕಾರ್ಬೆಟ್ಸ್ ಕುಲ್ವಾರ್" ಎಂದ.

ಇಣುಕಿ ನೋಡಿದೆ. ಎರಡು ಬಂಡೆಗೋಡೆಗಳ ನಡುವೆ ಸೀಳಿದಂತಹ ಕಿರಿದಾದ ಕೊರಕಲು. ಮೊದಲು ನೆಟ್ಟಗೆ ಕಡಿದ ಕಲ್ಲು, ಅದರ ಕೆಳಗೆ ಹೆಚ್ಚುಕಡಿಮೆ 50 ಡಿಗ್ರಿಯ ಇಳಿಜಾರು. ಚಳಿಗಾಲದಲ್ಲಿ ಹಿಮ ಎಷ್ಟು ಬಿದ್ದು ತುಂಬಿಕೊಂಡಿದೆ ಎಂಬುದರ ಮೇಲೆ ಆ ಕಡಿದಾದ ಭಾಗ 10 ಅಡಿಯೂ ಆಗಬಹುದು, 30 ಅಡಿಯೂ ಆಗಬಹುದು. ಅದರೊಳಕ್ಕೆ ನಿಧಾನವಾಗಿ ಜಾರಿಕೊಂಡು ಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡು ಅಂಚಿನಿಂದ ಹಾರಬೇಕು. ಹಿಮ ಮುಚ್ಚಿಡುವುದನ್ನೆಲ್ಲ ಸೆಪ್ಟೆಂಬರ್ ಬಿಚ್ಚಿ ತೋರಿಸುತ್ತಿತ್ತು. ಮೊನಚು ಕಲ್ಲುಗಳು, ಬಿರುಕುಗಳು, ಉರುಳಿ ಬಿದ್ದ ಗುಂಡುಗಳು. ತಾನು ಅಲ್ಲಿ ಎರಡು ಸಲ ಹಾರಿರುವುದಾಗಿ ಹುಡುಗ ಮೆಲ್ಲನೆ ಹೇಳಿದ. ಪಕ್ಕದಲ್ಲಿದ್ದ ತಂಗಿಗೂ ಅದು ಹೊಸ ಸುದ್ದಿ. ಅವಳು ಏನೂ ಮಾತಾಡಲಿಲ್ಲ. ಕೆಳಗಿಳಿಯುವ ತನಕ ಕೇಬಲ್ ಕಾರಿನ ಕಿಟಕಿಯಾಚೆ ನೋಡುತ್ತಲೇ ನಿಂತಿದ್ದಳು.

ಆ ಹುಡುಗ ಬಿದ್ದದ್ದು ಅಲ್ಲಿಯಲ್ಲ. 2022ರ ಫೆಬ್ರುವರಿಯಲ್ಲಿ, ರಾಕಿ ಪರ್ವತ ಶ್ರೇಣಿಯ ಇನ್ನೊಂದು ಪರ್ವತಧಾಮದಲ್ಲಿ, ಅದರ ಗಡಿಯೊಳಗೇ ಇದ್ದ ಸುಮಾರು 20 ಅಡಿಯ ಬಂಡೆಯಿಂದ ಹಾರಿದ. ಅದೇನೂ ಹೆಸರು ಪಡೆದ ಬಂಡೆಯಲ್ಲ. ಅವನ ಗೆಳೆಯರು ದಿನವೂ ಹಾರುತ್ತಿದ್ದಂಥದ್ದು. ಹಿಂದಿನ ವಾರ ಮೆತ್ತಗಿದ್ದ ಹಿಮ ಬಿಸಿಲಿಗೆ ಕರಗಿ, ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗಿತ್ತು. ಸೊಂಟದ ಮೇಲ್ಭಾಗದ ಒಂದು ಕಶೇರು ಕುಸಿದು ಬಿರುಕು ಬಿಟ್ಟಿತು. ಸ್ಕೀ ಪ್ಯಾಟ್ರೋಲ್‌ನವರು ಜಾರುಬಂಡಿಯಲ್ಲಿ ಮಲಗಿಸಿ, ಅಲುಗದಂತೆ ಬಿಗಿದು ಕೆಳಗೆ ತಂದರು. ಮೂರು ತಿಂಗಳು ಬೆನ್ನಿಗೆ ಪಟ್ಟಿ. ಬೆನ್ನುಹುರಿಗೆ ಏನೂ ಆಗಲಿಲ್ಲ ಎಂಬುದನ್ನು ಅದೃಷ್ಟ ಎನ್ನದೆ ಬೇರೇನೂ ಎನ್ನಲಾಗದು. ಅವನು ಯಾರನ್ನೂ ದೂರಲಿಲ್ಲ. ಟಿಕೆಟ್ ಕೊಳ್ಳುವಾಗಲೇ ಸಕಲ ಅಪಾಯಗಳೂ ತನಗೆ ಸೇರಿದ್ದೆಂದು ಒಪ್ಪಿಕೊಂಡಿದ್ದನಲ್ಲ!

ತಂಗಿಯೂ ದಾವೆ ಹೂಡುವ ಗೋಜಿಗೆ ಹೋಗಲಿಲ್ಲ. ಆದರೆ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು ಅವಳು. ಒಂದು ಸರಳ ಪ್ರಶ್ನೆಯನ್ನು ಆ ಪರ್ವತಧಾಮದ ಆಡಳಿತಕ್ಕೆ ಬರೆದು ಕಳಿಸಿದಳು. ಆ ಬಂಡೆಯಲ್ಲಿ ಆ ಋತುವಿನಲ್ಲಿ ಎಷ್ಟು ಜನ ಗಾಯಗೊಂಡರು? ಇಡೀ ಬೆಟ್ಟದಲ್ಲಿ ಎಷ್ಟು ಜನ? ತುಂಬ ಸೌಜನ್ಯದ ಉತ್ತರ ಬಂತು. ಮಗ ಬೇಗ ಗುಣಮುಖನಾಗಲೆಂಬ ಹಾರೈಕೆಯಿತ್ತು. ಅಂತಹ ಮಾಹಿತಿಯನ್ನು ಸಂಸ್ಥೆ ಹೊರಗಿನವರಿಗೆ ನೀಡುವುದಿಲ್ಲ ಎಂಬ ಒಂದು ಸಾಲೂ ಇತ್ತು. ಈ ಲೇಖನ ಬರೆಯಲು ಕೂತದ್ದು ಆ ಒಂದು ಸಾಲಿನಿಂದ.

ಇದನ್ನು ಓದುತ್ತಿರುವ ಹಲವರ ಮನಸ್ಸಿನಲ್ಲಿ ಈಗಾಗಲೇ ಒಂದು ಮಾತು ಮೂಡಿರಬಹುದು: ಇದೆಲ್ಲ ಹೊಟ್ಟೆ ತುಂಬಿದವರ ಹುಚ್ಚಾಟ. ನಾನೂ ಹಾಗೆಯೇ ಅಂದುಕೊಂಡಿದ್ದವನು. ನಮ್ಮ ಮಲೆನಾಡಿನ ಕೊನೆಗೌಡ ದಿನವೂ ಅಡಿಕೆ ಮರದ ತುದಿಗೇರಿ, ಮರವನ್ನು ಬಾಗಿಸಿ, ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತಾನೆ. ಅವನಿಗೆ ಕ್ಯಾಮೆರಾವೂ ಇಲ್ಲ, ಪ್ರಾಯೋಜಕರೂ ಇಲ್ಲ, ಎಷ್ಟೋ ಕಡೆ ವಿಮೆಯೂ ಇಲ್ಲ. ಅವನ ಧೈರ್ಯಕ್ಕೆ ಕೂಲಿಯ ಹೆಸರು; ಇವರ ಧೈರ್ಯಕ್ಕೆ ಕ್ರೀಡೆಯ ಹೆಸರು. ಈ ಹೋಲಿಕೆ ನ್ಯಾಯವಾದದ್ದೇ. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ಬಂಡೆಯಿಂದ ಹಾರುವವನು ಏನು ಮಾಡುತ್ತಿದ್ದಾನೆ ಎಂಬುದು ನಮಗೆ ಅರ್ಥವಾಗುವುದೇ ಇಲ್ಲ. ಅವನು ಕಣ್ಣು ಮುಚ್ಚಿ ಬೀಳುತ್ತಿಲ್ಲ.

ಒಂದು ಸಣ್ಣ ಲೆಕ್ಕ ನೋಡೋಣ. ಸ್ಕೀ ಆಟಗಾರನೊಬ್ಬ ನೆಲ ಮುಟ್ಟುವ ಹೊತ್ತಿಗೆ 6 ಮೀಟರ್, ಅಂದರೆ ಸುಮಾರು 20 ಅಡಿ, ಕೆಳಗಿಳಿದಿದ್ದಾನೆ ಎಂದುಕೊಳ್ಳಿ. ಆಗ ಅವನು ಕೆಳಮುಖವಾಗಿ ಬೀಳುವ ವೇಗ ಗಂಟೆಗೆ 39 ಕಿಲೋಮೀಟರ್ ಮುಟ್ಟಿರುತ್ತದೆ. ಕೆಳಗಿನ ನೆಲ ಸಮತಟ್ಟಾಗಿದ್ದರೆ ಆ ಅಷ್ಟೂ ವೇಗವನ್ನು ಮೊಣಕಾಲು, ಸೊಂಟ, ಬೆನ್ನುಮೂಳೆ ತಡೆದುಕೊಳ್ಳಬೇಕು. ಅದೇ ನೆಲ 45 ಡಿಗ್ರಿ ಇಳಿಜಾರಾಗಿದ್ದು, ಅವನು ಅಂಚು ಬಿಡುವಾಗ ಗಂಟೆಗೆ 18 ಕಿಲೋಮೀಟರ್ ಮುಂದಕ್ಕೆ ಚಲಿಸುತ್ತಿದ್ದರೆ, ನೆಲಕ್ಕೆ ಲಂಬವಾಗಿ ಬಡಿಯುವ ವೇಗ 15 ಕಿಲೋಮೀಟರಿಗೆ ಇಳಿಯುತ್ತದೆ. ಮೂರು ಅಡಿಗಿಂತಲೂ ಕಡಿಮೆ ಎತ್ತರದ ಕಟ್ಟೆಯಿಂದ ಧುಮುಕಿದಷ್ಟೇ ಪೆಟ್ಟು. ಉಳಿದ ವೇಗವೆಲ್ಲ ಇಳಿಜಾರಿನ ಜೊತೆ ಜಾರುವಿಕೆಯಾಗಿ ಹರಿದುಹೋಗುತ್ತದೆ. ಎತ್ತರವೊಂದೇ ಅಪಾಯದ ಅಳತೆಯಲ್ಲ. ಎಲ್ಲಿ ಇಳಿಯುತ್ತೇವೆ, ಆ ನೆಲದ ಓರೆ ಎಷ್ಟು, ಹಿಮದ ಆಳ ಎಷ್ಟು, ಗುಣ ಎಂಥದ್ದು ಎಂಬುದೇ ಎಲ್ಲ. ಬಲ್ಲವನು ಹಾರುವ ಮುನ್ನ ಕೆಳಗಿನಿಂದ ನೋಡಿರುತ್ತಾನೆ, ಇಳಿಯುವ ಜಾಗದಲ್ಲಿ ಕೋಲು ಚುಚ್ಚಿ ಆಳ ಅಳೆದಿರುತ್ತಾನೆ, ಹಿಮದಡಿ ಕಲ್ಲು ಅಡಗಿದೆಯೇ ಎಂದು ಪರೀಕ್ಷಿಸಿರುತ್ತಾನೆ. ನನ್ನ ಸೋದರಳಿಯ ಆ ದಿನ ಮಾಡದಿದ್ದದ್ದು ಇಷ್ಟನ್ನೇ.

ಸ್ವಿಟ್ಜರ್ಲೆಂಡಿನ ವೆರ್ಬಿಯೇದಲ್ಲಿ ಬೆಕ್ ದೆ ರೋಸ್ ಎಂಬ 3,222 ಮೀಟರ್ ಎತ್ತರದ ಶಿಖರದ ಮೇಲೆ 1996ರಿಂದ ನಡೆದುಬಂದಿರುವ ಸ್ಪರ್ಧೆಯಲ್ಲಿ ಸ್ಪರ್ಧಿಗಳಿಗೆ ಅಭ್ಯಾಸದ ಓಟವೇ ಇಲ್ಲ. ಎದುರಿನ ಜಾಗದಲ್ಲಿ ನಿಂತು ದುರ್ಬೀನಿನಲ್ಲಿ ಬಂಡೆಬಂಡೆಯನ್ನೂ ಗುರುತು ಮಾಡಿಕೊಂಡು, ಮೇಲೇರಿ, ತಲೆಕೆಳಗಾಗಿ ಕಾಣುವ ಅದೇ ನಕ್ಷೆಯನ್ನು ನೆನಪಿನಿಂದ ಹಿಡಿದು ಇಳಿಯಬೇಕು. ತೀರ್ಪುಗಾರರು ಹಾರಿಕೆಯನ್ನಷ್ಟೇ ನೋಡುವುದಿಲ್ಲ. ಆಯ್ದ ದಾರಿ, ಹಿಡಿತ, ಓಟದ ಸರಾಗ, ಕೌಶಲ ಎಲ್ಲಕ್ಕೂ ಅಂಕವುಂಟು. ಬಿದ್ದೆದ್ದವನಿಗೆ ಚಪ್ಪಾಳೆ ಸಿಗಬಹುದು, ಅಂಕ ಸಿಗುವುದಿಲ್ಲ. ಇದನ್ನು ಹುಚ್ಚೆಂದು ತಳ್ಳಿಹಾಕುವುದು ನನಗೀಗ ಸಾಧ್ಯವಿಲ್ಲ.

ಆದರೂ ಈ ಆಟಕ್ಕೆ ಅಳತೆ ತಪ್ಪುವ ಒಂದು ಸೆಳೆತ ಇದ್ದೇ ಇದೆ. 2006ರ ಜನವರಿಯಲ್ಲಿ ಜೇಮಿ ಪಿಯರ್ ಎಂಬ ಅಮೆರಿಕನ್ ಆಟಗಾರ ವಯೋಮಿಂಗಿನ ಗ್ರ್ಯಾಂಡ್ ಟಾರ್ಗೀ ಪರ್ವತಧಾಮದ ಸಮೀಪ 255 ಅಡಿ ಎತ್ತರದ ಬಂಡೆಯಿಂದ ಹಾರಿದ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಕೆಳಗೆ ತಲುಪುವಾಗ ಗಂಟೆಗೆ 140 ಕಿಲೋಮೀಟರ್ ವೇಗ. ಆತ ತಲೆಕೆಳಗಾಗಿ ಹಿಮದೊಳಗೆ ಹೂತುಹೋದ. ಅಗೆದು ತೆಗೆದ ಗೆಳೆಯರ ಸಲಿಕೆ ತಾಗಿ ತುಟಿ ಒಡೆದದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಇಷ್ಟು ವೇಗದ ದೇಹ ಎರಡೂವರೆ ಮೀಟರ್ ಹಿಮದಲ್ಲಿ ನಿಂತಿತೆಂದುಕೊಂಡರೂ ಸ್ವಂತ ತೂಕದ ಮೂವತ್ತು ಪಟ್ಟು ಬಲ ಮೈಮೇಲೆ ಬಿದ್ದಂತೆ! ಎರಡು ವರ್ಷಗಳ ಬಳಿಕ ನಾರ್ವೆಯ ಫ್ರೆಡ್ ಸಿವರ್ಸೆನ್ ಚಿತ್ರೀಕರಣದ ವೇಳೆ ದಾರಿ ತಪ್ಪಿ 107 ಮೀಟರ್ ಪ್ರಪಾತದಿಂದ ಬಿದ್ದು ಬದುಕಿ ಬಂದ. ಇಲ್ಲಿಗೆ ಬಂದಾಗ ಅದು ಸ್ಕೀಯಿಂಗ್ ಅಲ್ಲ, ಬರಿಯ ಬೀಳುವಿಕೆ. ಕೆಳಗೆ ನಿಂತು ಇಳಿಯುವ ಪ್ರಶ್ನೆಯೇ ಅಲ್ಲಿ ಇರಲಿಲ್ಲ.

ಜೇಮಿ ಪಿಯರನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2011ರ ನವೆಂಬರ್ 13ರಂದು ಯೂಟಾದ ಸ್ನೋಬರ್ಡ್‌ನಲ್ಲಿ, ಆ ಋತುವಿಗೆ ಪರ್ವತಧಾಮ ಇನ್ನೂ ಬಾಗಿಲು ತೆರೆಯದಿದ್ದ ಹೊತ್ತಿನಲ್ಲಿ, ಸ್ನೋಬೋರ್ಡ್ ಮೇಲೆ ಇಳಿಯುತ್ತಿದ್ದಾಗ ಹಿಮಕುಸಿತಕ್ಕೆ ಸಿಕ್ಕಿ ಆತ ಸತ್ತ. ಆಗ ವಯಸ್ಸು 38. ಹೆಂಡತಿ ಮಕ್ಕಳಿದ್ದವನು. 255 ಅಡಿಯ ಬಂಡೆ ಬಿಟ್ಟುಕೊಟ್ಟವನನ್ನು ಋತುವಿನ ಮೊದಲ ತೆಳುಹಿಮ ಬಿಡಲಿಲ್ಲ. ತೆರೆದ ಪರ್ವತಧಾಮದಲ್ಲಿ ಪ್ಯಾಟ್ರೋಲ್‌ನವರು ಬೆಳಕು ಹರಿಯುವ ಮುನ್ನವೇ ಎದ್ದು, ಸ್ಫೋಟಕ ಎಸೆದು, ಕುಸಿಯಬಹುದಾದ ಹಿಮವನ್ನು ಜನ ಬರುವ ಮೊದಲೇ ಕುಸಿಯುವಂತೆ ಮಾಡಿರುತ್ತಾರೆ. ಆ ದಿನ ಆ ಇಳಿಜಾರಿನಲ್ಲಿ ಆ ಕೆಲಸ ಆಗಿರಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಮಾತಿಗೆ ಮರಳಬೇಕಾಗುತ್ತದೆ.

ಜಾಕ್ಸನ್ ಹೋಲ್‌ನ ಕೊರಕಲಿಗೆ ಹೆಸರು ಬಂದದ್ದು ಬ್ಯಾರಿ ಕಾರ್ಬೆಟ್ ಎಂಬ ಪರ್ವತಾರೋಹಿಯಿಂದ. ಪರ್ವತಧಾಮ ಇನ್ನೂ ಹುಟ್ಟಿರದ 1960ರಲ್ಲಿ ಆತ ಆ ಸೀಳನ್ನು ನೋಡಿ, ಒಂದಲ್ಲ ಒಂದು ದಿನ ಯಾರಾದರೂ ಇದರಲ್ಲಿ ಸ್ಕೀ ಮಾಡಿಯೇ ಮಾಡುತ್ತಾರೆ ಎಂದಿದ್ದನಂತೆ. 1967ರಲ್ಲಿ ಪ್ಯಾಟ್ರೋಲ್‌ನ ತರುಣ ಲಾನಿ ಬಾಲ್ ಅದನ್ನು ನಿಜ ಮಾಡಿದ. ಅಂಚಿನಲ್ಲಿ ಚಾಚಿಕೊಂಡಿದ್ದ ಹಿಮದ ಸೂರು ಕಾಲಡಿಯಲ್ಲೇ ಮುರಿದು ಆತ ಒಳಕ್ಕೆ ಬಿದ್ದನೆಂದೂ, ಬಿದ್ದಮೇಲೆ ಇಳಿಯದೆ ಬೇರೆ ದಾರಿ ಇರಲಿಲ್ಲವೆಂದೂ ಅಲ್ಲಿಯವರು ಈಗಲೂ ನಗುತ್ತ ಹೇಳುತ್ತಾರೆ. ಇದಿಷ್ಟನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತವೆ.

ಕಾರ್ಬೆಟ್‌ನ ಉಳಿದ ಬದುಕನ್ನು ಹೇಳುವವರು ಕಡಿಮೆ. ಆತ 1963ರ ಅಮೆರಿಕನ್ ಎವರೆಸ್ಟ್ ತಂಡದಲ್ಲಿದ್ದವನು. ಟೀಟನ್ ಪರ್ವತಗಳಲ್ಲಿ ಮಾರ್ಗದರ್ಶಕನಾಗಿ ದುಡಿದವನು. 1968ರಲ್ಲಿ ಸ್ಕೀ ಚಿತ್ರವೊಂದರ ಚಿತ್ರೀಕರಣದ ವೇಳೆ ಅವನಿದ್ದ ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿತು; ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಗಿನ್ನೂ ಮೂವತ್ತರ ಆಸುಪಾಸು. ಆಮೇಲಿನ ಮೂರೂವರೆ ದಶಕ ಗಾಲಿಕುರ್ಚಿಯಲ್ಲಿ. ಚಿತ್ರಗಳನ್ನು ತಯಾರಿಸಿದ, ನದಿಗಳಲ್ಲಿ ದೋಣಿ ನಡೆಸಿದ, ಬೆನ್ನುಹುರಿಗೆ ಪೆಟ್ಟಾದವರ ಬದುಕಿನ ಬಗ್ಗೆ ಬರೆದ. 'ನ್ಯೂ ಮೊಬಿಲಿಟಿ' ಎಂಬ ಗಾಲಿಕುರ್ಚಿ ಬಳಕೆದಾರರ ಪತ್ರಿಕೆಯನ್ನು ವರ್ಷಗಟ್ಟಲೆ ಸಂಪಾದಿಸಿ, 2004ರಲ್ಲಿ ತೀರಿಕೊಂಡ. ಬೆನ್ನು ಮುರಿದಾಗ ಮನುಷ್ಯನಿಗೆ ಏನೇನಾಗುತ್ತದೆ, ಏನೇನು ಉಳಿದಿರುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುವುದನ್ನೇ ಕೆಲಸವಾಗಿಸಿಕೊಂಡವನ ಹೆಸರು ಆ ಬಂಡೆಯ ಮೇಲಿದೆ. ನಾವು ವಾಫಲ್ ತಿಂದ ಅಂಗಡಿಯ ಕಟ್ಟಡಕ್ಕೂ ಅವನದೇ ಹೆಸರು. 2018ರಿಂದ ಅದೇ ಅಂಚಿನಿಂದ ಹಾರುವ ಸ್ಪರ್ಧೆಯೂ ನಡೆಯತೊಡಗಿತು. ಹಾರುವವರು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾರೆ, ವಿಡಿಯೊ ಜಗತ್ತನ್ನೆಲ್ಲ ಸುತ್ತುತ್ತದೆ. ಸ್ಪರ್ಧೆ ಚೆನ್ನಾಗಿರುತ್ತದೆ, ನೋಡಿದ್ದೇನೆ. ಕಾರ್ಬೆಟ್ ಯಾರೆಂದು ನನ್ನ ಸೋದರಳಿಯನಿಗೆ ಗೊತ್ತಿರಲಿಲ್ಲ, ಅಷ್ಟೆ.

ಇನ್ನು ಕಾನೂನಿನ ಕಡೆಗೆ ಬರೋಣ. ಅಮೆರಿಕದಲ್ಲಿ ಎಲ್ಲದಕ್ಕೂ ಕೋರ್ಟಿಗೆ ಹೋಗುತ್ತಾರೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಸ್ಕೀಯಿಂಗ್ ವಿಷಯದಲ್ಲಿ ಕಥೆ ಬೇರೆ. 1978ರಲ್ಲಿ ವರ್ಮಾಂಟ್ ರಾಜ್ಯದ ಸುಪ್ರೀಂ ಕೋರ್ಟು, ಕಲಿಕೆಯವರ ಹಾದಿಯಲ್ಲಿ ಹಿಮದಡಿಯ ಪೊದೆಗೆ ಸ್ಕೀ ಸಿಕ್ಕಿಕೊಂಡು ಬಿದ್ದು ಕೈಕಾಲು ಕಳೆದುಕೊಂಡಂತಾದ ತರುಣನೊಬ್ಬನಿಗೆ 15 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. ಪರ್ವತಧಾಮಗಳೂ ವಿಮಾ ಕಂಪನಿಗಳೂ ಬೆಚ್ಚಿಬಿದ್ದವು. ಅದೇ ವರ್ಷ ವರ್ಮಾಂಟ್, ಮರುವರ್ಷ ಕೊಲೊರಾಡೊ ಮತ್ತು ಯೂಟಾ, ಹೀಗೆ ಒಂದರ ಹಿಂದೊಂದು ರಾಜ್ಯಗಳು ಕಾಯಿದೆ ತಂದವು. ಸಾರಾಂಶ ಇಷ್ಟು: ಈ ಆಟದಲ್ಲಿ ಸಹಜವಾಗಿಯೇ ಅಡಗಿರುವ ಅಪಾಯಗಳಿಗೆ ಆಟಗಾರನೇ ಹೊಣೆ. ವಯೋಮಿಂಗಿನಲ್ಲಿ ಅಂಥದೇ ಕಾಯಿದೆ 1989ರಲ್ಲಿ ಬಂತು.

ಕೊಲೊರಾಡೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2004ರ ತಿದ್ದುಪಡಿಯಲ್ಲಿ ಬಂಡೆಗಳನ್ನೂ ಸಹಜ ಅಪಾಯಗಳ ಪಟ್ಟಿಗೆ ಸೇರಿಸಿ, 'ಅತಿಕಠಿಣ ಪ್ರದೇಶ' ಎಂದರೇನೆಂದು ಅಳತೆ ಹಾಕಿಕೊಟ್ಟಿತು. 15 ಅಡಿ ಅಡ್ಡಕ್ಕೆ ಕನಿಷ್ಠ 20 ಅಡಿ ಎತ್ತರವುಳ್ಳ ಬಂಡೆ, ಅಥವಾ 100 ಅಡಿ ಉದ್ದಕ್ಕೆ ಸರಾಸರಿ 50 ಡಿಗ್ರಿಗಿಂತ ಕಡಿಮೆಯಿಲ್ಲದ ಇಳಿಜಾರು. ಅಂಥ ಕಡೆ ಎರಡು ಕರಿ ವಜ್ರಾಕೃತಿಯ ಗುರುತಿನೊಳಗೆ 'ಇಎಕ್ಸ್' ಅಕ್ಷರ ಬರೆದ ಫಲಕ ನೆಡಬೇಕು. ಫಲಕ ನೆಟ್ಟರೆ ಪರ್ವತಧಾಮದ ಕರ್ತವ್ಯ ಬಹುಮಟ್ಟಿಗೆ ಮುಗಿದಂತೆ. ಪ್ರಕೃತಿ ಕೋಟಿ ವರ್ಷ ಕಡೆದ ಬಂಡೆಯೊಂದು ಹೀಗೆ ಶಾಸನದ ಷೆಡ್ಯೂಲಿಗೆ ಸೇರಿಕೊಂಡಿತು. (ಕಾಯಿದೆ ಬರೆದವರು ಟೇಪು ಹಿಡಿದು ಬೆಟ್ಟ ಹತ್ತಿದ್ದರೋ ಏನೋ!)

ಈ ಕಾಯಿದೆಗಳ ಮೂಲತತ್ವದೊಡನೆ ನನಗೆ ಜಗಳವಿಲ್ಲ. ಬೆಟ್ಟ ಬೆಟ್ಟವೇ, ಅದರ ಪ್ರತಿ ಕಲ್ಲಿಗೂ ಒಡೆಯನನ್ನು ಹೊಣೆ ಮಾಡಿದರೆ ಯಾವ ಬೆಟ್ಟವೂ ತೆರೆದಿರಲಾರದು. ಬೇಕೆಂದೇ ಅಂಚಿನಿಂದ ಹಾರಿದವನು ಇನ್ನೊಬ್ಬರನ್ನು ದೂರುವುದು ಸಲ್ಲದು. ಆದರೆ ಅಪಾಯವನ್ನು ಒಪ್ಪಿಕೊಳ್ಳುವುದು ಎಂದರೆ ಅದು ಎಷ್ಟೆಂದು ತಿಳಿದು ಒಪ್ಪಿಕೊಳ್ಳುವುದಲ್ಲವೇ? ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆ ಇದೆ. ವಿಮಾನ ಕಂಪನಿಗಳ ಅಪಘಾತದ ವಿವರ ಜನರ ಮುಂದಿದೆ. ಒಂದು ಬೆಟ್ಟದಲ್ಲಿ ಒಂದು ಋತುವಿಗೆ ಎಷ್ಟು ಮೂಳೆ ಮುರಿಯುತ್ತವೆ ಎಂಬುದು ಮಾತ್ರ ವ್ಯಾಪಾರದ ಗುಟ್ಟಾಗಿ ಉಳಿದಿದೆ. ಅಮೆರಿಕದ ಸ್ಕೀ ಉದ್ಯಮದ ಒಕ್ಕೂಟ ಇಡೀ ದೇಶದ ಸಾವುಗಳ ಒಟ್ಟು ಸಂಖ್ಯೆಯನ್ನು ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. ಯಾವ ಬೆಟ್ಟದಲ್ಲಿ ಎಷ್ಟು ಎಂದು ಹೇಳುವುದಿಲ್ಲ.

ಹೇಳಿಸುವ ಯತ್ನಗಳು ನಡೆಯಲಿಲ್ಲವೆಂದಲ್ಲ. ಕ್ಯಾಲಿಫೋರ್ನಿಯದ ಶಾಸನಸಭೆ ಸುರಕ್ಷತಾ ಯೋಜನೆ ಮತ್ತು ಅಪಘಾತಗಳ ವಿವರವನ್ನು ಬಹಿರಂಗಪಡಿಸಬೇಕೆಂಬ ಮಸೂದೆಯನ್ನು ಒಪ್ಪಿ ಕಳಿಸಿತು. 2010ರಲ್ಲಿ ಗವರ್ನರ್ ಆಗಿದ್ದ ಆರ್ನಾಲ್ಡ್ ಶ್ವಾರ್ಜನೆಗರ್ ಅದಕ್ಕೆ ಸಹಿ ಹಾಕಲಿಲ್ಲ. ಅವರು ಸ್ವತಃ ಸ್ಕೀ ಮಾಡುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದವರು ಎಂಬುದು ಇಲ್ಲಿ ನೆನಪಾಗದೆ ಇರದು. ಮರುವರ್ಷ ಬಂದ ಇಂಥದೇ ಮಸೂದೆಯನ್ನು ಅವರ ನಂತರದ ಗವರ್ನರ್ ಜೆರ್ರಿ ಬ್ರೌನ್ ಕೂಡ ತಿರಸ್ಕರಿಸಿದರು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಟ್. ಈ ವಿಷಯದಲ್ಲಿ ಪಕ್ಷಭೇದವಿರಲಿಲ್ಲ. 2021ರಲ್ಲಿ ಕೊಲೊರಾಡೊದಲ್ಲಿ ಬಂದ ಮಸೂದೆ ಸಮಿತಿಯ ಹಂತವನ್ನೇ ದಾಟಲಿಲ್ಲ.

ಉದ್ಯಮದ ವಾದಗಳನ್ನೂ ಕೇಳಬೇಕು. ಬರಿಯ ಅಂಕಿ ದಾರಿ ತಪ್ಪಿಸುತ್ತದೆ, ಹೆಚ್ಚು ಜನ ಬರುವ ಬೆಟ್ಟದಲ್ಲಿ ಹೆಚ್ಚು ಗಾಯ ಸಹಜ ಎನ್ನುತ್ತಾರೆ. ನಿಜ. ಆದರೆ ಬಂದವರು ಎಷ್ಟು ಜನ ಎಂಬ ಲೆಕ್ಕ ಅವರ ಬಳಿಯೇ ಇದೆ. ಇವತ್ತು ಟಿಕೆಟ್ ಎಂಬುದು ಜೇಬಿನೊಳಗಿನ ಎಲೆಕ್ಟ್ರಾನಿಕ್ ಕಾರ್ಡು. ಲಿಫ್ಟಿನ ಬಾಗಿಲು ಯಾರು ಎಷ್ಟು ಹೊತ್ತಿಗೆ ಎಷ್ಟನೆಯ ಬಾರಿ ಮೇಲೇರಿದರು ಎಂಬುದನ್ನು ದಾಖಲಿಸುತ್ತದೆ. ಪ್ರತಿ ಸಾವಿರ ಏರಿಕೆಗೆ ಇಷ್ಟು ಗಾಯ ಎಂದು ಹೇಳಲು ಯಾವ ಕಷ್ಟವೂ ಇಲ್ಲ. ಅಂಕಿ ಹೊರಬಿದ್ದರೆ ದಾವೆಗಳು ಹೆಚ್ಚುತ್ತವೆ ಎಂಬುದು ಎರಡನೆಯ ವಾದ. ಸಹಜ ಅಪಾಯಕ್ಕೆ ಆಟಗಾರನೇ ಹೊಣೆ ಎಂಬ ಕವಚವನ್ನು ಶಾಸನವೇ ತೊಡಿಸಿರುವಾಗ ಈ ಭಯವೇಕೆ? 2024ರ ಮೇ ತಿಂಗಳಲ್ಲಿ ಕೊಲೊರಾಡೊದ ಸುಪ್ರೀಂ ಕೋರ್ಟು, ಕಾಯಿದೆಯೇ ವಿಧಿಸಿರುವ ಕರ್ತವ್ಯವನ್ನು ಪರ್ವತಧಾಮ ಮೀರಿದ್ದರೆ ಗ್ರಾಹಕನಿಂದ ಬರೆಸಿಕೊಂಡ ಒಪ್ಪಿಗೆಪತ್ರ ಅದನ್ನು ಕಾಪಾಡದು ಎಂದು ತೀರ್ಪಿತ್ತಿತು. ಆ ಪ್ರಕರಣ ಕುರ್ಚಿ ಲಿಫ್ಟಿನಿಂದ ಬಿದ್ದ ಹದಿಹರೆಯದ ಹುಡುಗಿಯದು, ಬಂಡೆಯದಲ್ಲ. ಬಂಡೆಗೆ ಕವಚ ಹಾಗೆಯೇ ಇದೆ.

ಇನ್ನೊಂದು ಸಂಗತಿ ನಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. ಅಮೆರಿಕದ ಪಶ್ಚಿಮ ಭಾಗದ ದೊಡ್ಡ ಪರ್ವತಧಾಮಗಳಲ್ಲಿ ಬಹುಪಾಲು ಖಾಸಗಿ ನೆಲದಲ್ಲಿಲ್ಲ. ಅರಣ್ಯ ಇಲಾಖೆಯ ಪರವಾನಗಿ ಪಡೆದು ಸಾರ್ವಜನಿಕ ಅರಣ್ಯಭೂಮಿಯಲ್ಲಿ ವ್ಯಾಪಾರ ನಡೆಸುತ್ತಿವೆ. ಜಾಕ್ಸನ್ ಹೋಲ್‌ನ ಇಳಿಜಾರುಗಳು ಬ್ರಿಜರ್-ಟೀಟನ್ ರಾಷ್ಟ್ರೀಯ ಅರಣ್ಯಕ್ಕೆ ಸೇರಿದವು. ನೆಲ ಪ್ರಜೆಗಳದು, ಆ ನೆಲದ ಮೇಲೆ ಪ್ರಜೆಗಳಿಗೆ ಏನಾಯಿತೆಂಬ ಲೆಕ್ಕ ಮಾತ್ರ ಕಂಪನಿಯದು. ಪರವಾನಗಿ ನವೀಕರಿಸುವಾಗ ಅರಣ್ಯ ಇಲಾಖೆಯೇ ಒಂದು ಷರತ್ತು ಸೇರಿಸಬಹುದಲ್ಲ? ಹೊಸ ಕಾಯಿದೆಯೂ ಬೇಕಿಲ್ಲ, ಗವರ್ನರರ ಸಹಿಗಾಗಿ ಕಾಯಬೇಕಾಗಿಯೂ ಇಲ್ಲ. ನನ್ನ ತಂಗಿಗೆ ಬೇಕಾಗಿರುವುದು ಪರಿಹಾರದ ಹಣವಲ್ಲ, ಒಂದು ಕೋಷ್ಟಕ.

ಬಂಡೆಯನ್ನೇ ಮುಚ್ಚಿಬಿಡಲಿ ಎಂಬುದು ಮೊದಮೊದಲು ಅವಳ ನಿಲುವಾಗಿತ್ತು. ತಾಯಿಯಾದವಳಿಗೆ ಅದು ಸಹಜ. ನಾನು ಒಪ್ಪಲಿಲ್ಲ. ಹಗ್ಗ ಕಟ್ಟಿ ಮುಚ್ಚಿದರೆ ಹುಡುಗರು ಹಗ್ಗದಡಿ ನುಸುಳಿ ಆಚೆಗೆ ಹೋಗುತ್ತಾರೆ. ಅಲ್ಲಿ ಪ್ಯಾಟ್ರೋಲ್ ಇಲ್ಲ, ಬೆಳಗಿನ ಸ್ಫೋಟಕವಿಲ್ಲ, ಬಿದ್ದವನನ್ನು ತರಲು ಜಾರುಬಂಡಿಯೂ ಇಲ್ಲ. ಜೇಮಿ ಪಿಯರನ ಸಾವು ನೆನಪಿಸುವುದು ಇದನ್ನೇ. ಜಾಕ್ಸನ್ ಹೋಲ್ ಒಂದು ಕಾಲಕ್ಕೆ ಗಡಿ ದಾಟಿದವರ ಪಾಸು ಕಿತ್ತುಕೊಳ್ಳುತ್ತಿತ್ತು. ಅದರಿಂದ ದಾಟುವವರೇನೂ ಕಡಿಮೆಯಾಗಲಿಲ್ಲ. ಕೊನೆಗೆ 1999ರಲ್ಲಿ ಗಡಿಯಲ್ಲಿ ಬಾಗಿಲುಗಳನ್ನೇ ಇಟ್ಟು, ಎಚ್ಚರಿಕೆ ಬರೆದು, ಹೋಗುವವರು ಹೋಗಲಿ ಎಂದು ತೆರೆದುಬಿಟ್ಟಿತು. ನನಗೆ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ. ಬೆಳೆದ ಮನುಷ್ಯನಿಗೆ ತನ್ನ ಮೈಮೇಲೆ ಅಪಾಯ ತಂದುಕೊಳ್ಳುವ ಹಕ್ಕಿದೆ.

ನನ್ನ ಆಕ್ಷೇಪವಿರುವುದು ಆ ಹಕ್ಕನ್ನು ಮಾರುವ ಬಗೆಯ ಬಗ್ಗೆ. ಪರ್ವತಧಾಮಗಳ ಜಾಹೀರಾತು ತೆರೆದು ನೋಡಿ. ಮುಖಪುಟದಲ್ಲೇ ನೀಲಿ ಆಕಾಶದ ಎದುರು ಬಂಡೆಯಂಚಿನಿಂದ ಚಿಮ್ಮಿದ ದೇಹ. ಸ್ಕೀ ಚಿತ್ರಗಳಲ್ಲಿ ಒಂದರ ಹಿಂದೊಂದು ಯಶಸ್ವಿ ಹಾರಿಕೆ. ಬಿದ್ದವು ಕೊನೆಯಲ್ಲಿ, ಹಾಸ್ಯದ ಹಿನ್ನೆಲೆ ಸಂಗೀತದೊಡನೆ. ಅಂಚಿನ ಮೇಲೇ ಲಿಫ್ಟ್ ಹಾದುಹೋಗುವ ಕಡೆ ಕುರ್ಚಿಗಳಲ್ಲಿ ಕುಳಿತವರು ಕೆಳಗಿನವನನ್ನು ಹುರಿದುಂಬಿಸಿ ಕೂಗುತ್ತಾರೆ. ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿಕೊಂಡ ಇಪ್ಪತ್ತರ ಹುಡುಗ ಆಗ ಹಿಂದಕ್ಕೆ ಸರಿದು ಪಕ್ಕದ ಹಾದಿಯಲ್ಲಿ ಇಳಿಯುವುದಕ್ಕೆ ಹಾರುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಚಿತ್ರವನ್ನು ಊರಿಗೆಲ್ಲ ಹಂಚುವ ಉದ್ಯಮ ಅಂಕಿಯನ್ನು ಕಪಾಟಿನಲ್ಲಿಡುವುದು ಪ್ರಾಮಾಣಿಕ ವ್ಯಾಪಾರವಲ್ಲ.

ನಮ್ಮ ದೇಶಕ್ಕೂ ಇದು ದೂರದ ಮಾತಾಗಿ ಉಳಿದಿಲ್ಲ. ಕಾಶ್ಮೀರದ ಗುಲ್‌ಮಾರ್ಗಿನಲ್ಲಿ ಗೊಂಡೊಲಾದ ಎರಡನೆಯ ಹಂತ 2005ರಲ್ಲಿ ಅಫರ್ವತ್ ಪರ್ವತದ ಭುಜಕ್ಕೆ ತಲುಪಿದ ಮೇಲೆ, ಹಾದಿಯಿಲ್ಲದ ಹಿಮದಲ್ಲಿ ಇಳಿಯಲೆಂದೇ ಜಗತ್ತಿನ ನಾನಾ ಕಡೆಗಳಿಂದ ಜನ ಬರತೊಡಗಿದರು. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯದ ಒಬ್ಬರು ಅಲ್ಲಿ ಹಿಮಕುಸಿತದಲ್ಲಿ ಸತ್ತರು. ವಿದೇಶಿಯರು ಸತ್ತಾಗ ಸುದ್ದಿಯಾಗುತ್ತದೆ. ಕೊಡಗಿನ ಭವಾನಿ ತೆಕ್ಕಡರಂಥವರು ಹಿಮವೇ ಬೀಳದ ನಾಡಿನಿಂದ ಹೋಗಿ ಸ್ಕೀಯಿಂಗಿನಲ್ಲಿ ಹೆಸರು ಮಾಡುತ್ತಿರುವ ಈ ಕಾಲದಲ್ಲಿ ನಮ್ಮ ಮಕ್ಕಳೂ ಆ ಇಳಿಜಾರುಗಳಿಗೆ ಹೋಗುತ್ತಾರೆ, ಹೋಗಲಿ. ಮುರಿದ ಮೂಳೆಗಳನ್ನು ಎಣಿಸುವ ಪದ್ಧತಿಯನ್ನು ಬಂಡೆ ಹಾರುವ ಪದ್ಧತಿಗಿಂತ ಮೊದಲೇ ರೂಢಿಸಿಕೊಳ್ಳುವ ಅವಕಾಶ ನಮಗಿನ್ನೂ ಇದೆ.

ಸೋದರಳಿಯ ಮತ್ತೆ ಹಿಮಕ್ಕೆ ಹೋಗಿದ್ದಾನೆ. ಒಂದು ಋತು ಪೂರ್ತಿ ಸುಮ್ಮನಿದ್ದ. ಆಮೇಲೆ ತಾಯಿಗೆ ಹೇಳಿಯೇ ಹೋದ. ಕಳೆದ ಚಳಿಗಾಲ ಫೋನಿನಲ್ಲಿ ಮಾತಾಡುವಾಗ, ಬಿದ್ದ ಅದೇ ಬಂಡೆಯ ಬಳಿಗೆ ಹೋಗಿದ್ದೆನೆಂದ. ಹಾರಿದೆಯಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನೇ ಹೇಳಿದ: "ಕೆಳಗಿಂದ ಹೋಗಿ ಕೋಲು ಚುಚ್ಚಿ ನೋಡಿದೆ ಮಾಮ. ಹಿಮ ಸಾಲದು. ಪಕ್ಕದ ದಾರಿಯಲ್ಲಿ ಇಳಿದೆ."

ಅವನ ಅಮ್ಮ ಆ ಪರ್ವತಧಾಮಕ್ಕೆ ಈ ವರ್ಷವೂ ಪತ್ರ ಬರೆದಿದ್ದಾಳೆ. ಪ್ರಶ್ನೆ ಅದೇ. ಈ ಸಲ ಒಂದು ಪ್ರತಿಯನ್ನು ಅರಣ್ಯ ಇಲಾಖೆಗೂ ಕಳಿಸಿದ್ದಾಳೆ.